ಒಂದು ಬಂಡೆ, ಎರಡು ಹೊಳೆ: ಬೆಂಗಳೂರಿನಲ್ಲಿ ನಾಲ್ಕು ದಿನ

ಕೈಯಲ್ಲಿದ್ದದ್ದು ಪೆನ್ಸಿಲಿನಲ್ಲಿ ಬರೆದ ಒಂದು ನಕ್ಷೆ. ನೆದರ್‌ಲೆಂಡ್ಸಿನಿಂದ ಬಂದು ಬೆಂಗಳೂರಿನ ಕಾಲೇಜೊಂದರಲ್ಲಿ ಆರು ತಿಂಗಳು ಓದಿ ಹೋದ ಹುಡುಗಿಯೊಬ್ಬಳು ಬಿಟ್ಟುಹೋದದ್ದು. ಅದರಲ್ಲಿ ಕಬ್ಬನ್ ಪಾರ್ಕಿಲ್ಲ, ಎಂ.ಜಿ. ರೋಡಿಲ್ಲ, ಅರಮನೆಯೂ ಇಲ್ಲ. ನಟ್ಟನಡುವೆ ಲಾಲ್‌ಬಾಗಿನ ಬಂಡೆ, ಪಕ್ಕದಲ್ಲಿ ಅಂಕುಡೊಂಕು ಕನ್ನಡ ಅಕ್ಷರದಲ್ಲಿ ‘ನನ್ನ ಜಾಗ’ ಎಂದಿದೆ. ಅಲ್ಲಿಂದ ಎಡಕ್ಕೊಂದು ಬಾಣ, ಬಲಕ್ಕೊಂದು ಬಾಣ. ಎಡದ್ದು ಕಾವೇರಿಗೆ, ಬಲದ್ದು ಪಿನಾಕಿನಿಗೆ. ಎರಡರ ನಡುವೆ ಒಂದು ಪ್ರಶ್ನಾರ್ಥಕ ಚಿಹ್ನೆ.

ಅವಳ ದೇಶದ ಸುಮಾರು ಕಾಲುಭಾಗ ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ. ನೀರೆತ್ತಿ ಹೊರಗೆ ಹಾಕದಿದ್ದರೆ ಅಲ್ಲಿ ಊರು ಉಳಿಯುವುದಿಲ್ಲ. ಅಂಥವರು 900 ಮೀಟರಿಗೂ ಎತ್ತರದ ಊರಿಗೆ ಬಂದರೆ ಇಲ್ಲಿ ಬಿದ್ದ ಮಳೆ ಎತ್ತ ಹೋಗುತ್ತದೆ ಎಂದು ಕೇಳುವುದು ಸಹಜವೇ. ಬೆಂಗಳೂರಿನವರು ಇದನ್ನು ಕೇಳಿಕೊಳ್ಳುವುದು ಅಂಡರ್‌ಪಾಸಿನಲ್ಲಿ ಕಾರು ಮುಳುಗಿದ ದಿನ ಮಾತ್ರ. ನಕ್ಷೆ ಹಿಡಿದು ಮೈಸೂರಿನಿಂದ ಹೊರಟದ್ದು ಸೆಪ್ಟೆಂಬರ್ ಕೊನೆಯ ವಾರ. ಬೆಂಗಳೂರಿನಲ್ಲಿ ವರ್ಷದ ಅತಿ ಹೆಚ್ಚು ಮಳೆ ಸಾಮಾನ್ಯವಾಗಿ ಈ ತಿಂಗಳಲ್ಲೇ. ನೀರಿನ ದಾರಿ ನೋಡಬೇಕಾದವರು ಬೇಸಿಗೆಯಲ್ಲಿ ಹೋಗಿ ಏನೂ ಪ್ರಯೋಜನವಿಲ್ಲ.

ಮೊದಲ ದಿನ, ಮಂಗಳವಾರ: ಬಂಡೆ

ಹಸಿರು ಮಾರ್ಗದ ಮೆಟ್ರೊದಲ್ಲಿ ಲಾಲ್‌ಬಾಗ್ ನಿಲ್ದಾಣದಲ್ಲಿಳಿದರೆ ಪಶ್ಚಿಮದ ಗೇಟು ಹತ್ತಿರ. ಆದರೆ ಬಂಡೆಯಿರುವುದು ಮುಖ್ಯ ಗೇಟಿನ ಕಡೆ, ತೋಟ ಹಾಯ್ದು ಹೋಗಬೇಕು. ಆ ನಡಿಗೆಯನ್ನು ತಪ್ಪಿಸಿಕೊಳ್ಳಲು ಆಟೊ ಹಿಡಿಯುವುದು ಬೇಡ. 1760ರಲ್ಲಿ ಹೈದರಾಲಿ ಶುರುಮಾಡಿದಾಗ 40 ಎಕರೆಯಿದ್ದ ತೋಟ ಈಗ 240 ಎಕರೆ. ಅದರ ನೆಲ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದು ನಡೆದವರ ಕಾಲಿಗಷ್ಟೇ ತಿಳಿಯುತ್ತದೆ. ಆಗಸ್ಟ್ ಮತ್ತು ಜನವರಿಯ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಮಾತ್ರ ಈ ಕಡೆ ಸುಳಿಯಬಾರದು. ಆಗ ಬಂಡೆಯ ಮೇಲೂ ಸಂತೆ ನೆರೆದಿರುತ್ತದೆ.

ಬೆಳಿಗ್ಗೆ ಆರೂಕಾಲಿಗೆ ಬಂಡೆ ತಣ್ಣಗಿತ್ತು. ಮೇಲೆ ಕೆಂಪೇಗೌಡರ ಹೆಸರಿನ ಗೋಪುರ, ಕೆಳಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿ ನೆಟ್ಟ ಫಲಕ. ಬಂದವರೆಲ್ಲ ಗೋಪುರದ ಫೋಟೊ ತೆಗೆದು ಇಳಿದುಬಿಡುತ್ತಾರೆ. ನೋಡಬೇಕಾದ್ದು ಕಾಲಡಿಯಲ್ಲಿದೆ. ಇದು ಗ್ರಾನೈಟ್ ಅಲ್ಲ, ನೈಸ್ ಶಿಲೆ. ಸುಮಾರು 300 ಕೋಟಿ ವರ್ಷ ಹಳೆಯದು. ಗ್ರಾನೈಟಿನಲ್ಲಿ ಹರಳುಗಳು ಮಂಡಕ್ಕಿಯಂತೆ ಎರಚಿಕೊಂಡಿರುತ್ತವೆ, ನೈಸ್‌ನಲ್ಲಿ ಸಾಲುಗಟ್ಟಿರುತ್ತವೆ. ಬಿಳಿ ಪಟ್ಟೆ ಬೆಣಚು ಮತ್ತು ಫೆಲ್ಡ್‌ಸ್ಪಾರ್, ಕಪ್ಪು ಪಟ್ಟೆ ಬಯೊಟೈಟ್ ಎಂಬ ಕರಿ ಅಭ್ರಕ. ನೆಲದಾಳದ ಕಾವಿಗೆ ಮೆತ್ತಗಾಗಿ, ಒತ್ತಡಕ್ಕೆ ಮಡಿಚಿಕೊಂಡದ್ದರಿಂದ ಪಟ್ಟೆಗಳು ಸೀರೆಯ ನಿರಿಗೆಯಂತೆ ಬಳುಕಿವೆ. ಬಿಸಿಲು ಓರೆಯಾಗಿ ಬೀಳುವ ಏಳು ಗಂಟೆಯೊಳಗೆ ನಿರಿಗೆ ಚೆನ್ನಾಗಿ ಕಾಣುತ್ತದೆ. ಹತ್ತರ ಮೇಲೆ ಬಂಡೆಯೆಲ್ಲ ಒಂದೇ ಬೂದುಬಣ್ಣ.

ಅಲ್ಲಲ್ಲಿ ಮೇಲ್ಪದರ ಈರುಳ್ಳಿ ಸಿಪ್ಪೆಯಂತೆ ಎದ್ದಿದೆ. ಬಿಸಿಲಿಗೆ ಹಿಗ್ಗಿ, ರಾತ್ರಿ ಕುಗ್ಗಿ, ಬಿರುಕಿಗೆ ಮಳೆನೀರು ಇಳಿದು ಆಗುವ ಕೆಲಸ ಅದು. ಬೆರಳ ಗೆಣ್ಣಿನಿಂದ ಕುಟ್ಟಿದರೆ ಗಟ್ಟಿ ಬಂಡೆ ಸದ್ದು ಮಾಡುವುದಿಲ್ಲ, ಎದ್ದ ಪದರ ಟೊಳ್ಳು ಮಡಕೆಯಂತೆ ಮಾತಾಡುತ್ತದೆ. ಅಂಥ ಅಂಚಿನ ಮೇಲೆ ನಿಲ್ಲಬಾರದು.

ಇಳಿಜಾರಿನುದ್ದಕ್ಕೂ ಶಾಯಿ ಸುರಿದಂತೆ ಕಪ್ಪು ಪಟ್ಟಿಗಳಿವೆ. ಅದು ಕಲ್ಲಿನ ಬಣ್ಣವಲ್ಲ. ಮಳೆನೀರು ಪ್ರತಿಸಲ ಅದೇ ಜಾಡಿನಲ್ಲಿ ಇಳಿಯುವುದರಿಂದ ಅಲ್ಲಿ ಪಾಚಿಯ ಜಾತಿಯ ಜೀವಿಗಳು ಬೆಳೆದು ಕರ್ರಗಾದ ಗುರುತು. ಮಳೆಯಿಲ್ಲದ ದಿನವೂ ಬಂಡೆಯ ಮೇಲಿನ ತೊರೆಗಳ ನಕ್ಷೆ ಇದರಿಂದ ಸಿಗುತ್ತದೆ. ಖಾತ್ರಿಗೆ ಬಾಟಲಿಯಿಂದ ಒಂದು ಲೋಟದಷ್ಟು ನೀರನ್ನು ನೆತ್ತಿಯ ಮೇಲೆ ಸುರಿದು ನೋಡಿದ್ದಾಯಿತು. ನೀರು ಒಂದು ಗಳಿಗೆ ಯೋಚಿಸಿ, ಹತ್ತಿರದ ಕಪ್ಪು ಪಟ್ಟಿ ಹುಡುಕಿಕೊಂಡು ಇಳಿಯಿತು. ವಾಕಿಂಗ್ ಮಾಡುತ್ತಿದ್ದ ಹಿರಿಯರೊಬ್ಬರು ನಿಂತರು.

“ಏನ್ ಸಾರ್, ಬಂಡೆಗೆ ಅಭಿಷೇಕಾನಾ?”

ಕಾರಣ ಹೇಳಿದಾಗ ಅವರು ಕೈಯಲ್ಲಿದ್ದ ಛತ್ರಿಯ ತುದಿಯಿಂದ ದಕ್ಷಿಣಕ್ಕೆ ತೋರಿಸಿ, “ಎಲ್ಲಾ ಕೆರೆಗೇ ಹೋಗೋದು. ಮಧ್ಯಾಹ್ನ ಮಳೆ ಬರುತ್ತೆ, ಆಗ ಬನ್ನಿ, ಸುರಿಯೋ ಕೆಲಸ ದೇವರೇ ಮಾಡ್ತಾನೆ” ಎಂದರು.

ಮುಖ್ಯ ಗೇಟಿನಿಂದ ಹೊರಬಿದ್ದರೆ ಎಂಟಿಆರ್ ಕಾಲ್ನಡಿಗೆಯ ದೂರ. ಸೋಮವಾರ ರಜ, ಅದಕ್ಕೇ ಮಂಗಳವಾರ ಹೊರಟದ್ದು ಎಂದರೂ ಸುಳ್ಳಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಹುಟ್ಟಿದ ತಿಂಡಿಯೆಂದು ಹೆಸರಾದ ರವೆ ಇಡ್ಲಿ, ಜೊತೆಗೆ ಆಲೂಗೆಡ್ಡೆ ಸಾಗು, ಪುಟ್ಟ ಬಟ್ಟಲಲ್ಲಿ ತುಪ್ಪ. ತುಪ್ಪವನ್ನು ಇಡ್ಲಿ ಬಿಸಿಯಿರುವಾಗಲೇ ಸುರಿಯಬೇಕು. ಆರಿದ ಮೇಲೆ ಹಾಕಿದರೆ ರವೆ ಹೀರುವುದಿಲ್ಲ, ತಟ್ಟೆಯಲ್ಲೇ ನಿಲ್ಲುತ್ತದೆ.

ಛತ್ರಿಯವರ ಮಾತು ನಿಜವಾಯಿತು. ಮೂರೂವರೆಗೆ ಕಪ್ಪಿಟ್ಟು, ನಾಲ್ಕಕ್ಕೆ ದಬದಬನೆ ಸುರಿಯಿತು. ಗುಡುಗುವಾಗ ಬೋಳು ಬಂಡೆಯ ಮೇಲೆ ನಿಲ್ಲುವುದು ಹುಚ್ಚುತನ. ಇಡೀ ತೋಟದಲ್ಲಿ ಎದ್ದು ಕಾಣುವ ವಸ್ತು ಆಗ ನಾವೇ ಆಗಿರುತ್ತೇವೆ. ಗುಡುಗು ದೂರವಾಗಿ ಹನಿ ಸಣ್ಣಗಾದ ಮೇಲೆ ಬುಡಕ್ಕೆ ಹೋದರೆ, ಬೆಳಿಗ್ಗೆ ಕಂಡ ಕಪ್ಪು ಪಟ್ಟಿಗಳೆಲ್ಲ ಹರಿಯುತ್ತಿದ್ದವು. ಜೊತೆಗಿದ್ದವರೊಬ್ಬರು ಚರ್ಮದ ಚಪ್ಪಲಿಯಲ್ಲಿ ಅಂಥದೊಂದು ಪಟ್ಟಿಯ ಮೇಲೆ ಕಾಲಿಟ್ಟು ನಾಲ್ಕಡಿ ಜಾರಿ ಕೂತರು. ಒಣಗಿದಾಗ ಉಪ್ಪುಕಾಗದದಂತೆ ಹಿಡಿಯುವ ಕಲ್ಲು ಒದ್ದೆಯಾದರೆ ಪಾಚಿಯಿಂದ ಎಣ್ಣೆ ಹಚ್ಚಿದ ಹಾಗಾಗುತ್ತದೆ. ಬೂದುಬಣ್ಣದ ಕಡೆ ಕಾಲಿಡಬೇಕು, ಕಪ್ಪನ್ನು ದಾಟಬೇಕು, ರಬ್ಬರ್ ಅಟ್ಟೆಯ ಶೂ ಇದ್ದರೆ ವಾಸಿ.

ಲಾಲ್‌ಬಾಗ್ ಕೆರೆ ಸೇರುವ ನೀರು ಅಲ್ಲಿಂದ ಕೋರಮಂಗಲದ ಕಣಿವೆಗೆ, ಬೆಳ್ಳಂದೂರು ಕೆರೆಗೆ, ವರ್ತೂರು ಕೆರೆಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ. ಅಂದರೆ ಬಂಡೆಯಿಳಿದ ಹನಿ ತಮಿಳುನಾಡಿನ ಕಡಲೂರಿನ ಹತ್ತಿರ ಸಮುದ್ರ ಮುಟ್ಟಬೇಕು. ನಕ್ಷೆಯ ಬಲಗಡೆಯ ಬಾಣ ಅದು.

ಎರಡನೇ ದಿನ, ಬುಧವಾರ: ಎಡಗಡೆಯ ಬಾಣ

ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನ ಹೋಟೆಲು. 1943ರಿಂದ ಇದೆ, ಶುಕ್ರವಾರ ರಜ, ಮಧ್ಯಾಹ್ನ ಒಂದಷ್ಟು ಹೊತ್ತು ಬಾಗಿಲು ಹಾಕುತ್ತಾರೆ. ಏಳರೊಳಗೆ ಹೋದರೆ ಕಾಯದೆ ಕೂರಬಹುದು. ಮಾಣಿ ತೋಳಿನುದ್ದಕ್ಕೂ ತಟ್ಟೆಗಳನ್ನು ಅಡಕಿಕೊಂಡು ಬರುವುದನ್ನು ನೋಡಲಿಕ್ಕಾದರೂ ಒಳಗಿನ ಸಾಲಿನಲ್ಲೇ ಕೂರಬೇಕು. ಅಲ್ಲಿಂದ ಬುಲ್ ಟೆಂಪಲ್ ರಸ್ತೆಯಲ್ಲಿ ಏರುತ್ತ ಹೋದರೆ ಕಹಳೆ ಬಂಡೆ, ಅದಕ್ಕಂಟಿಕೊಂಡು ದೊಡ್ಡ ಬಸವಣ್ಣನ ಗುಡಿ. ಕಹಳೆ ಬಂಡೆಯೂ ಲಾಲ್‌ಬಾಗಿನದೇ ಜಾತಿಯ ಕಲ್ಲು. ಕತ್ತೆತ್ತಿದರೆ ಮರದ ತುಂಬ ಬಾವಲಿಗಳು, ಹಾಗಾಗಿ ಕತ್ತೆತ್ತುವಾಗ ಬಾಯಿ ಮುಚ್ಚಿರಲಿ.

ಬಸವಣ್ಣ ಒಂದೇ ಕಲ್ಲಿನಲ್ಲಿ ಕಡೆದದ್ದು, ಎತ್ತರ ಸುಮಾರು 4.5 ಮೀಟರ್. ಕಡಲೆಕಾಯಿ ಹೊಲ ಮೇಯುತ್ತಿದ್ದ ಬಸವ, ಅದನ್ನು ತಣಿಸಲು ಹುಟ್ಟಿದ ಪರಿಷೆ, ಕಾರ್ತಿಕದ ಕೊನೆಯ ಸೋಮವಾರ: ಇಷ್ಟು ಕತೆ ಎಲ್ಲರಿಗೂ ಗೊತ್ತು. ಇದೇ ಬಸವಣ್ಣನ ಪಾದದಲ್ಲಿ ಒಂದು ಹೊಳೆ ಹುಟ್ಟುತ್ತದೆಂಬ ನಂಬಿಕೆಯನ್ನು ನೆನೆಯುವವರು ಕಡಿಮೆ. ವೃಷಭದ ಪಾದದಲ್ಲಿ ಹುಟ್ಟಿದ್ದರಿಂದ ವೃಷಭಾವತಿ. ಗುಡಿಯ ಹೊರಗೆ ಹೂ ಕಟ್ಟುತ್ತಿದ್ದ ಹೆಂಗಸನ್ನು ಹೊಳೆ ಎಲ್ಲಮ್ಮಾ ಎಂದು ಕೇಳಿದರೆ, ಮೊಳ ಹಾಕುವುದನ್ನು ನಿಲ್ಲಿಸದೆಯೇ, “ಹೊಳೆನಾ? ಅದು ಮೈಸೂರು ರೋಡಲ್ಲಿ ವಾಸ್ನೆ ಹೊಡೀತದಲ್ಲ, ಅದೇಯಾ” ಎಂದಳು.

ಗುಡಿಯಿಂದ ಗವಿಪುರದ ಕಡೆ ಇಳಿಯುವಾಗ ನೆಲ ವಾಲಿರುವುದು ಮೊಣಕಾಲಿಗೆ ಗೊತ್ತಾಗುತ್ತದೆ. ಗವಿ ಗಂಗಾಧರೇಶ್ವರ ಬಂಡೆಯೊಳಗಿನ ಗವಿಯೇ ಆದ ಗುಡಿ. ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನವೆಂಬ ಎರಡು ಭಾರೀ ಕಲ್ಲಿನ ತಟ್ಟೆಗಳು ಕಂಬದ ಮೇಲೆ ಎದುರುಬದುರಾಗಿವೆ. ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವಿನಿಂದ ಹಾಯ್ದು ಲಿಂಗ ಮುಟ್ಟುವುದು ಟೀವಿಯಲ್ಲಿ ಕಂಡದ್ದೇ. ಅಂದು ಒಳಗೆ ಹೆಜ್ಜೆಯಿಡಲು ಜಾಗವಿರುವುದಿಲ್ಲ. ಬುಧವಾರದ ಹತ್ತು ಗಂಟೆಗೆ ಐದಾರು ಜನರಷ್ಟೇ. ಪ್ರದಕ್ಷಿಣೆಯ ಹಾದಿಯಲ್ಲಿ ಚಾವಣಿ ತಗ್ಗು, ಎತ್ತರದವರು ತಲೆ ಉಳಿಸಿಕೊಳ್ಳಬೇಕು.

ಇನ್ನಷ್ಟು ಇಳಿದರೆ ಕೆಂಪಾಂಬುಧಿ ಕೆರೆ, ಹತ್ತಿರದಲ್ಲಿ ಕೆಂಪೇಗೌಡರ ಇನ್ನೊಂದು ಗೋಪುರ. ನಾಲ್ಕು ಗೋಪುರಗಳೂ ಊರಿನ ಗಡಿಯ ಗುರುತೆಂದು ಹೇಳುವುದುಂಟು. ಆದರೆ ನಕ್ಷೆಯಲ್ಲಿಟ್ಟು ನೋಡಿದರೆ ಎರಡು ಕೆರೆಗಳ ಮಗ್ಗುಲಲ್ಲಿವೆ, ಇಲ್ಲಿ ಮತ್ತು ಹಲಸೂರಿನಲ್ಲಿ. ಎರಡು ಎತ್ತರದಲ್ಲಿವೆ, ಲಾಲ್‌ಬಾಗಿನಲ್ಲಿ ಮತ್ತು ಮೇಖ್ರಿ ಸರ್ಕಲ್ ಹತ್ತಿರ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಜಾರುತ್ತದೆ ಎಂಬ ಲೆಕ್ಕ ಬಲ್ಲವರು ಆರಿಸಿದ ಜಾಗಗಳ ಹಾಗೆ ಕಾಣುತ್ತವೆ. ಇದು ಗುಮಾನಿ ಮಾತ್ರ, ಇತಿಹಾಸವೆಂದು ಯಾರೂ ಬರೆದುಕೊಳ್ಳಬೇಡಿ.

ಮುಂದೆ ಹೊಳೆಯನ್ನು ಕಾಲ್ನಡಿಗೆಯಲ್ಲಿ ಹಿಂಬಾಲಿಸುವುದು ಕಷ್ಟ. ಮನೆಗಳ ಹಿತ್ತಲು, ಕಾಂಪೌಂಡು, ಚಪ್ಪಡಿ ಅಡ್ಡ ಬರುತ್ತವೆ. ಸುಲಭದ ಉಪಾಯವೆಂದರೆ ನೇರಳೆ ಮಾರ್ಗದ ಮೆಟ್ರೊ. ಮೈಸೂರು ರಸ್ತೆ ನಿಲ್ದಾಣದಿಂದ ಕೆಂಗೇರಿಯವರೆಗೆ ಹೊಳೆ ರಸ್ತೆಯ ಸುತ್ತಮುತ್ತಲೇ ಇದೆ. ಕೂರುವ ಆಸೆ ಬಿಟ್ಟು ಬಾಗಿಲ ಬಳಿ ನಿಂತರೆ ಎರಡೂ ಬದಿ ನೋಡಬಹುದು. ನಾಯಂಡಹಳ್ಳಿಯ ಆಚೆ ಕಂಡ ನೀರು ಬೂದುಗಪ್ಪು, ಹಿಂದಿನ ದಿನದ ಮಳೆಗೆ ಸೆಳವು ಜೋರಾಗಿತ್ತು. ಇಲ್ಲಿಂದ ಬಿಡದಿ ಹತ್ತಿರದ ಬೈರಮಂಗಲ ಕೆರೆ, ಆಮೇಲೆ ಅರ್ಕಾವತಿ, ಸಂಗಮದಲ್ಲಿ ಕಾವೇರಿ, ಕಡೆಗೆ ಪೂಂಪುಹಾರಿನಲ್ಲಿ ಸಮುದ್ರ. ಲಾಲ್‌ಬಾಗಿನ ಬಂಡೆಗೂ ಬಸವಣ್ಣನ ಗುಡ್ಡಕ್ಕೂ ನಡುವೆ ಎರಡು ಕಿಲೋಮೀಟರಿನ ಆಸುಪಾಸು ಅಂತರ. ಅಷ್ಟರಲ್ಲಿ ನೀರಿಗೆ ನದಿ ಬೇರೆ, ಸಮುದ್ರ ಸೇರುವ ಊರು ಬೇರೆ.

ಮೂರನೇ ದಿನ, ಗುರುವಾರ: ಬಲಗಡೆಯ ಬಾಣ

ಶಾಂತಿನಗರ ಬಸ್ ನಿಲ್ದಾಣದ ಹತ್ತಿರ ಕೆ-100 ಎಂದು ಹೆಸರಿಟ್ಟು ಗೋಡೆ ಕಟ್ಟಿ, ನಡೆಯುವ ದಾರಿ ಮಾಡಿದ ರಾಜಕಾಲುವೆ ಇದೆ. ರಾಜಕಾಲುವೆಯೆಂದರೆ ಚರಂಡಿಯೆಂದೇ ಈಗಿನವರ ಅರ್ಥ. ಮೂಲದಲ್ಲಿ ಅದು ಒಂದು ಕೆರೆಯ ಕೋಡಿಯಿಂದ ಮುಂದಿನ ಕೆರೆಗೆ ನೀರು ಒಯ್ಯುವ ಕಾಲುವೆ. ನಡುವಿನ ಕೆರೆಗಳು ಬಸ್ ನಿಲ್ದಾಣ, ಕ್ರೀಡಾಂಗಣಗಳಾದವು. ಧರ್ಮಾಂಬುಧಿ ಮೆಜೆಸ್ಟಿಕ್ ಆಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕೆರೆ ಹೋದರೂ ಕಾಲುವೆ ಉಳಿಯಿತು. ನೀರು ತಂಗುವ ಜಾಗವಿಲ್ಲದೆ ಒಂದೇ ಓಟದಲ್ಲಿ ಕೆಳಕ್ಕೆ ಬರುತ್ತದೆ. ತಗ್ಗಿನ ಬಡಾವಣೆಗಳು ಅರ್ಧಗಂಟೆಯ ಮಳೆಗೇ ಮುಳುಗಲು ಇದೊಂದು ಕಾರಣ.

ಬೆಳ್ಳಂದೂರಿಗೆ ಬಸ್ಸಿನಲ್ಲಿ ಹೋಗುವವರು ಎಂಟರೊಳಗೆ ಅಥವಾ ಹನ್ನೊಂದರ ಮೇಲೆ ಹೊರಡಬೇಕು. ಒಂಬತ್ತೂವರೆಗೆ ಹೊರಟು ವರ್ತುಲ ರಸ್ತೆಯಲ್ಲಿ ಸಿಕ್ಕಿಕೊಂಡ ನಮ್ಮ ಬಸ್ಸನ್ನು ಪಾದಚಾರಿಯೊಬ್ಬ ಮೂರು ಸಲ ಹಿಂದಿಕ್ಕಿದ. ಕಂಡಕ್ಟರ್ ಅವನನ್ನು ಗುರುತು ಹಿಡಿದು ಕೈಬೀಸತೊಡಗಿದ. ದಿನದ ಪಾಸು ತೆಗೆದುಕೊಂಡಿದ್ದರಿಂದ ಇಳಿದು ನಡೆದು, ಮುಂದೆ ಸಿಕ್ಕಿದ ಇನ್ನೊಂದು ಬಸ್ ಹತ್ತಲು ಅಡ್ಡಿಯಾಗಲಿಲ್ಲ.

ಬೆಳ್ಳಂದೂರು ಊರಿನ ಅತಿ ದೊಡ್ಡ ಕೆರೆ. 2017ರ ಫೆಬ್ರುವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಇದಕ್ಕೆ ಬೆಂಕಿ ಬಿದ್ದದ್ದು ಹೊರದೇಶದ ಪತ್ರಿಕೆಗಳಲ್ಲೂ ಬಂತು. ನೊರೆಯ ಕಾರಣ ಸರಳ. ಬಟ್ಟೆ, ಪಾತ್ರೆ ತೊಳೆದ ಸೋಪಿನ ಅಂಶ ಕೊಳಚೆಯ ಜೊತೆ ಬಂದು ಹೂಳಿನಲ್ಲಿ ಕೂತಿರುತ್ತದೆ. ಜೋರು ಮಳೆ ಹೂಳನ್ನು ಕದಡುತ್ತದೆ, ಕೋಡಿಯಲ್ಲಿ ನೀರು ಎತ್ತರದಿಂದ ಬಿದ್ದು ಗಾಳಿಯನ್ನು ಕಡೆದುಕೊಳ್ಳುತ್ತದೆ. ಮಜ್ಜಿಗೆ ಕಡೆದ ಹಾಗೆಯೇ. ಅದಕ್ಕೇ ನೊರೆ ಕೆರೆಯ ನಡುವೆ ಏಳುವುದಿಲ್ಲ, ಕೋಡಿಯ ಕೆಳಗೇ ಏಳುತ್ತದೆ. ಬೇಸಿಗೆಯಲ್ಲಿ ಕಡಿಮೆ, ಮಳೆಯ ಮರುದಿನ ಹೆಚ್ಚು.

ಇದರ ಕೆಳಗಿನದು ವರ್ತೂರು ಕೆರೆ. ಅಲ್ಲಿನ ಬಸ್ ನಿಲ್ದಾಣದ ಹೆಸರೇ ವರ್ತೂರು ಕೋಡಿ. ದಿನವೂ ಆ ಹೆಸರು ಕೂಗಿ ಟಿಕೆಟ್ ಕೊಳ್ಳುವ ಐಟಿ ಹುಡುಗರಲ್ಲಿ ಕೋಡಿಯೆಂದರೆ ಏನೆಂದು ಎಷ್ಟು ಜನಕ್ಕೆ ಗೊತ್ತೋ. ಕೆರೆ ತುಂಬಿದಾಗ ಏರಿ ಒಡೆಯದಂತೆ ಹೆಚ್ಚಿನ ನೀರು ಹೊರಬೀಳಲು ಬಿಟ್ಟ ಕಲ್ಲುಕಟ್ಟೆ ಅದು. ಗದ್ದೆಗೆ ನೀರು ಬಿಡುವ ತೂಬು ಬೇರೆ. ಪಕ್ಕದ ಗೂಡಂಗಡಿಯಲ್ಲಿ ಟೀ ಸೋಸುತ್ತಿದ್ದ ಅಜ್ಜಿ, “ನಮ್ಮತ್ತೆ ಈ ನೀರಲ್ಲಿ ಭತ್ತ ಬೆಳೀತಿದ್ರು ಕಣಪ್ಪ. ನಾನ್ ಬಂದ್ ಮೇಲೆ ಸೊಪ್ಪು. ಈಗ ಬಾಡಿಗೆ” ಎಂದು ಹಿಂದಿನ ಮೂರಂತಸ್ತಿನ ಕಟ್ಟಡ ತೋರಿಸಿದರು. ನೊರೆ ಹಿಂದಿನಷ್ಟಿಲ್ಲ ಎಂದೂ ಹೇಳಿದರು. ಅಂದು ಕೋಡಿಯ ಬಳಿ ಕಂಡದ್ದು ಹಾಸಿಗೆಯಗಲದ ಒಂದು ತುಣುಕು. ಗಾಳಿಗೆ ಹಾರಿ ಮೈಗೆ ತಾಗಿದರೆ ತುರಿಸುತ್ತದೆ, ಗಾಳಿಗೆ ಬೆನ್ನಾಗಿ ನಿಲ್ಲುವುದು ಲೇಸು.

ನಕ್ಷೆಯಲ್ಲಿಲ್ಲದ ಇನ್ನೊಂದು ಬಾಣವನ್ನು ಇಲ್ಲಿ ಸೇರಿಸಿಕೊಳ್ಳಬೇಕು. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆನೀರನ್ನು ಸಂಸ್ಕರಿಸಿ ಪಂಪ್ ಮಾಡಿ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ಈ ನೀರೆಲ್ಲ ಮಳೆಯದಲ್ಲ, ಬಹುಪಾಲು ನಲ್ಲಿಯದು. ನಲ್ಲಿಗೆ ಬಂದದ್ದು ಎಲ್ಲಿಂದ ಎಂಬುದು ಊರಿಗೆ ಮರಳುವ ದಿನದ ಮಾತು.

ನಾಲ್ಕನೇ ದಿನ, ಶುಕ್ರವಾರ: ಪ್ರಶ್ನಾರ್ಥಕ ಚಿಹ್ನೆ

ವಿದ್ಯಾರ್ಥಿ ಭವನಕ್ಕೆ ರಜವಾದ್ದರಿಂದ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್. ನಿಂತು ತಿನ್ನುವುದು. ಇಡ್ಲಿ, ವಡೆ, ಖಾರಾಭಾತು, ಕೇಸರಿಭಾತು, ಕಾಫಿ. ಸಾಂಬಾರಿಲ್ಲ, ಕೇಳಬಾರದು. ಚಟ್ನಿಯನ್ನು ಎಷ್ಟು ಸಲ ಬೇಕಾದರೂ ಹಾಕಿಸಿಕೊಳ್ಳಬಹುದು.

ಆಮೇಲೆ ಲಾಲ್‌ಬಾಗಿನ ಪಶ್ಚಿಮದ ಗೇಟಿನಿಂದ ಬಸವನಗುಡಿಯ ಕಡೆ, ಎರಡು ಹೊಳೆಗಳಿಗೆ ನೀರು ಹಂಚುವ ದಿಣ್ಣೆಯ ನೆತ್ತಿ ಹುಡುಕುತ್ತ ನಡಿಗೆ. ಮೊದಲು ಮೊಬೈಲಿನ ಎತ್ತರ ತೋರಿಸುವ ಆ್ಯಪ್ ನಂಬಿದ್ದು ತಪ್ಪಾಯಿತು. ಒಂದು ಫೋನು 910 ಮೀಟರ್ ಎಂದರೆ ಪಕ್ಕದ್ದು 825 ಎಂದಿತು. ಎರಡೂ ಕೆಟ್ಟಿರಲಿಲ್ಲ. ಉಪಗ್ರಹಗಳು ಅಳೆಯುವುದು ಭೂಮಿಯ ಗಣಿತದ ಆಕಾರದಿಂದ. ಅದಕ್ಕೂ ಸಮುದ್ರಮಟ್ಟಕ್ಕೂ ಬೆಂಗಳೂರಿನಲ್ಲಿ 80 ಮೀಟರಿಗೂ ಹೆಚ್ಚು ವ್ಯತ್ಯಾಸವಿದೆ. ಕೆಲವು ಆ್ಯಪ್ ಅದನ್ನು ಸರಿದೂಗಿಸಿ ಹೇಳುತ್ತವೆ, ಕೆಲವು ಹೇಳುವುದಿಲ್ಲ. ಅದರ ಮೇಲೆ, ಉಪಗ್ರಹಗಳೆಲ್ಲ ತಲೆಯ ಮೇಲೇ ಇರುವುದರಿಂದ ಎತ್ತರದ ಲೆಕ್ಕ ಅಡ್ಡದ ಲೆಕ್ಕಕ್ಕಿಂತ ಯಾವಾಗಲೂ ಒರಟು. ಸರ್ವೆ ಇಲಾಖೆಯ 1:50,000 ನಕ್ಷೆಯೂ ಇಲ್ಲಿ ಕೈಕೊಡುತ್ತದೆ. ಅದರ ಸಮೋನ್ನತ ರೇಖೆಗಳ, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳ, ನಡುವೆ 20 ಮೀಟರ್ ಎತ್ತರದ ಅಂತರ, ನಾವು ಹುಡುಕುವ ಉಬ್ಬು ಅದಕ್ಕಿಂತ ತೆಳು.

ರಸ್ತೆಯಲ್ಲಿ ನೀರು ಸುರಿದು ನೋಡುವುದೂ ಮೋಸವೇ. ಡಾಂಬರು ಹಾಕುವಾಗ ನಡುವೆ ಉಬ್ಬಿಸಿರುತ್ತಾರೆ, ನೀರು ಎಲ್ಲೇ ಬಿದ್ದರೂ ಮೊದಲು ಪಕ್ಕದ ಮೋರಿಗೇ ಓಡುತ್ತದೆ. ಕೊನೆಗೆ ಕೆಲಸಕ್ಕೆ ಬಂದದ್ದು ಸೈಕಲ್. ಎಳನೀರಿನ ಗೊಂಚಲು ಕಟ್ಟಿಕೊಂಡು ತಳ್ಳುತ್ತಿದ್ದವನು ಒಂದು ಅಡ್ಡರಸ್ತೆಯ ಮೂಲೆಯಲ್ಲಿ ನಿಂತು ಉಸಿರು ಬಿಟ್ಟ. ಎಳನೀರು ಕೊಚ್ಚಿಸಿಕೊಳ್ಳುತ್ತ ವಿಷಯ ಕೇಳಿದರೆ, “ಮಾರ್ಕೆಟ್ ಕಡೆಯಿಂದ ಬಂದ್ರೆ ಇಲ್ಲೀವರ್ಗೂ ತಳ್ಳಬೇಕು ಅಣ್ಣ. ಇಲ್ಲಿಂದ ಗುಡಿ ಕಡೆಗೂ ಒಂದ್ ಏರು ಐತೆ. ಆಮೇಲೆ ಬ್ರೇಕ್ ಹಿಡ್ಕಂಡೇ ಹೋಗ್ಬೇಕು” ಎಂದ. ಅಂದರೆ ದಿಣ್ಣೆ ಒಂದೇ ಗೆರೆಯಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರಿ, ಬಸವಣ್ಣನ ಗುಡ್ಡದ ಆಚೆ ಒಮ್ಮೆಲೇ ಜಾರುತ್ತದೆ. ನಕ್ಷೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನು ಅಳಿಸಲಿಲ್ಲ, ಬೆರಳಗಲದಷ್ಟು ಎಡಕ್ಕೆ ಸರಿಸಿದ್ದಾಯಿತು.

ಮಧ್ಯಾಹ್ನದ ಮೈಸೂರು ರೈಲು. ಹತ್ತಿದ ನಿಲ್ದಾಣದ ಎದುರಿಗೇ ಒಂದು ಕಾಲದ ಧರ್ಮಾಂಬುಧಿ. ಕೆಂಗೇರಿಯ ಹತ್ತಿರ ವೃಷಭಾವತಿಯ ವಾಸನೆ ಕಿಟಕಿಯಿಂದ ಒಳಬಂತು, ಎದುರಿನವರು ಶಟರ್ ಇಳಿಸಿದರು. ಮದ್ದೂರಿನಲ್ಲಿ ವಡೆಯವನು ಹತ್ತಿದ ಮೇಲೆ ಮತ್ತೆ ಎತ್ತಿದರು.

ಶ್ರೀರಂಗಪಟ್ಟಣದಲ್ಲಿ ರೈಲು ಕಾವೇರಿಯನ್ನು ಎರಡು ಸಲ ದಾಟುತ್ತದೆ, ಊರು ದ್ವೀಪವಾದ್ದರಿಂದ. ಸೇತುವೆಯ ಕೆಳಗೆ ನೀರು ಕೆಂಪಗೆ, ದಡ ತುಂಬ ಹೋಗುತ್ತಿತ್ತು. ಮುಂದೆ ಮಳವಳ್ಳಿಯ ಕಡೆ ಇದೇ ಹೊಳೆಯಿಂದ ತೊರೆಕಾಡನಹಳ್ಳಿಗೆ ನೀರು ತಂದು, ಅಲ್ಲಿ ಒಮ್ಮೆ, ಹಾರೋಹಳ್ಳಿಯಲ್ಲಿ ಒಮ್ಮೆ, ತಾತಗುಣಿಯಲ್ಲಿ ಒಮ್ಮೆ ಪಂಪ್ ಮಾಡಿ, ಸುಮಾರು 100 ಕಿಲೋಮೀಟರ್ ದೂರದ ಆ ದಿಣ್ಣೆಯ ಮೇಲಕ್ಕೆ ಒಯ್ಯುತ್ತಾರೆ. ಗವಿಪುರದ ಮನೆಯಲ್ಲಿ ಅಕ್ಕಿ ತೊಳೆದದ್ದು ವೃಷಭಾವತಿಯಲ್ಲಿ ಇಳಿದು ಮತ್ತೆ ಕಾವೇರಿಗೇ ಬರುತ್ತದೆ. ಕೋರಮಂಗಲದಲ್ಲಿ ತೊಳೆದದ್ದು ದಿಣ್ಣೆ ದಾಟಿ ಪಿನಾಕಿನಿಯ ಪಾಲಾಗುತ್ತದೆ, ಇಲ್ಲವೆ ಕೋಲಾರದ ಯಾವುದೋ ಕೆರೆಯಲ್ಲಿ ನಿಲ್ಲುತ್ತದೆ. ಪೆನ್ಸಿಲ್ ಹುಡುಕಿ ನಕ್ಷೆಯ ತಳಭಾಗದಿಂದ ಬಂಡೆಯವರೆಗೆ ಮೇಲ್ಮುಖವಾಗಿ ಇನ್ನೊಂದು ಬಾಣ ಎಳೆಯುವಷ್ಟರಲ್ಲಿ ಎರಡನೇ ಸೇತುವೆಯೂ ಕಳೆದಿತ್ತು.